ಲೆಗ್ ಡೇ ಆದ್ಮೇಲೆ ಮೂರು ದಿನ ಕಾಲು ನೋವು: ಬಿಸಿಎಎ, ಇಎಎ ಪೌಡರ್‌ನಿಂದ ಏನಾದ್ರೂ ಉಪಯೋಗ ಇದೆಯಾ?

ಬನಶಂಕರಿ_ಬಾರ್ಬೆಲ್

ಮೆಂಬರ್‌ಶಿಪ್ ಮಾಡಿಸಿದ ದಿನವೇ ಒಂದು ಡಬ್ಬ ಅಮೈನೊ ಪೌಡರ್ (ಬಿಸಿಎಎ ಅಥವಾ ಇಎಎ) ತಗೊಳ್ಳಿ ಅನ್ನೋದು ಬೆಂಗಳೂರಿನ ಜಿಮ್‌ಗಳಲ್ಲಿ ಮಾಮೂಲಾಗಿಬಿಟ್ಟಿದೆ. ಕೊಡೋ ಕಾರಣ ಒಂದೇ, "ಮೈಕೈ ನೋವು ಬರಲ್ಲ". ವಿಷಯ ಗೊತ್ತಿರೋರು ಬಿಡಿಸಿ ಹೇಳಿ. ಲೆಕ್ಕಕ್ಕೆ ಒಬ್ಬ ವ್ಯಕ್ತಿನ ಇಟ್ಕೊಳ್ಳೋಣ: 68 ಕೆಜಿ, ಸಸ್ಯಾಹಾರಿ, ಮೊಟ್ಟೆಯೂ ಇಲ್ಲ, ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೆ ವೇಟ್ಸ್. ನೋವು ಬರೋದು ಯಾಕೆ? ಯಾವ ಅಮೈನೊ ಆಮ್ಲ ಎಷ್ಟು ಗ್ರಾಂ ತಗೊಂಡ್ರೆ ಅದು ಇಳಿಯುತ್ತೆ? ಊಟದಲ್ಲೇ ಆಗೋದಾದ್ರೆ ಹೇಗೆ?

ಮಂಡಿಚಿಪ್ಪು

ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡು ನೋವು ಬರುತ್ತದೆ ಎಂಬ ಕಥೆಯನ್ನು ಮೊದಲು ಪಕ್ಕಕ್ಕಿಡಿ. ವ್ಯಾಯಾಮ ನಿಲ್ಲಿಸಿ ಒಂದು ಗಂಟೆ ಕಳೆಯುವಷ್ಟರಲ್ಲಿ ರಕ್ತದ ಲ್ಯಾಕ್ಟೇಟ್ (ಆ ಆಸಿಡ್‌ನ ರಕ್ತದಲ್ಲಿನ ರೂಪ) ಹೆಚ್ಚುಕಮ್ಮಿ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಈ ನೋವು ಶುರುವಾಗುವುದೇ 12ರಿಂದ 24 ಗಂಟೆ ಆದ ಮೇಲೆ. 1983ರಲ್ಲಿ ಶ್ವೇನ್ ಮತ್ತು ಸಂಗಡಿಗರು 45 ನಿಮಿಷ ಓಡಿಸಿ ನೋಡಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು. ಅಷ್ಟು ಸ್ಪಷ್ಟವಾಗಿ ತೀರ್ಮಾನವಾದ ವಿಷಯ ನಲವತ್ತು ವರ್ಷದ ಮೇಲೂ ಜಿಮ್‌ಗಳಲ್ಲಿ ಬದುಕಿದೆ.

ನೋವಿನ ಮೂಲ ಇರುವುದು ಭಾರ ಇಳಿಸುವ ಹಂತದಲ್ಲಿ. ಬಸ್ಕಿಯಲ್ಲಿ ಕೆಳಗೆ ಕೂರುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದವಾಗಬೇಕು. ಆಗ ಕೆಲವು ಸಾರ್ಕೊಮಿಯರ್‌ಗಳು (ಸ್ನಾಯು ತಂತುವಿನ ಅತಿ ಸಣ್ಣ ಘಟಕಗಳು) ಅತಿಯಾಗಿ ಹಿಗ್ಗಿ ಅವುಗಳ ಅಂಚಿನ ಝಡ್ ಗೆರೆ ಕದಡುತ್ತದೆ, ಕ್ಯಾಲ್ಸಿಯಂ ಸೋರುತ್ತದೆ, ಉರಿಯೂತ ಹುಟ್ಟುತ್ತದೆ, ಸ್ನಾಯುವಿನ ಮತ್ತು ಅದರ ಹೊದಿಕೆಯ ನರತುದಿಗಳು ಸೂಕ್ಷ್ಮವಾಗುತ್ತವೆ. ಸುಮ್ಮನೆ ಕೂತಾಗ ಏನೂ ಇಲ್ಲ, ಒತ್ತಿದರೆ ಅಥವಾ ಮೆಟ್ರೊ ಸ್ಟೇಷನ್ ಮೆಟ್ಟಿಲು ಇಳಿದರೆ ಜೀವ ಹೋದಂತಾಗುವುದು ಇದಕ್ಕೇ. ಎರಡನೇ, ಮೂರನೇ ದಿನ ಜಾಸ್ತಿ, ಐದರಿಂದ ಏಳು ದಿನದಲ್ಲಿ ಪೂರ್ತಿ ಮಾಯ.

ನೋವು ಹೆಚ್ಚಿದಷ್ಟೂ ಸ್ನಾಯು ಬೆಳೆಯುತ್ತದೆ ಎಂಬುದಕ್ಕೂ ಆಧಾರವಿಲ್ಲ. ನೋವಿನ ತೀವ್ರತೆಗೂ ಆದ ಹಾನಿಗೂ ಹೊಂದಾಣಿಕೆ ಕಡಿಮೆ. ಬೆಳವಣಿಗೆಗಂತೂ ಅದು ಅಳತೆಗೋಲೇ ಅಲ್ಲ.

ಪಥ್ಯ_ಪಟ್ಟಿ

ಅಮೈನೊ ಭಾಗ ನಾನು ತಗೋತೀನಿ.

ಪ್ರೋಟೀನ್ ಕಟ್ಟೋ ಇಟ್ಟಿಗೆಗಳೇ ಅಮೈನೊ ಆಮ್ಲಗಳು. ಅವುಗಳಲ್ಲಿ ದೇಹ ತಾನೇ ತಯಾರಿಸಲಾಗದ ಅಗತ್ಯ ಅಮೈನೊ ಆಮ್ಲಗಳು ಒಂಬತ್ತು. ಈ ಒಂಬತ್ತೂ ಇರೋ ಪೌಡರ್ ಇಎಎ. ಅದರಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಮೂರನ್ನೇ ತೆಗೆದಿಟ್ಟರೆ ಬಿಸಿಎಎ. ಈ ಮೂರನ್ನು ಒಡೆಯೋ ಮೊದಲ ಕಿಣ್ವ ಲಿವರ್‌ನಲ್ಲಿ ಕಡಿಮೆ, ಸ್ನಾಯುವಿನಲ್ಲಿ ಹೆಚ್ಚು. ಹಾಗಾಗಿ ಕುಡಿದದ್ದು ಲಿವರ್ ದಾಟಿ ನೇರ ಸ್ನಾಯುವಿಗೆ ತಲುಪುತ್ತೆ. ಮಾರಾಟಗಾರರ ವಾದ ಇಷ್ಟರ ಮೇಲೇ ನಿಂತಿದೆ, ಇಷ್ಟು ಮಾತ್ರ ನಿಜವೂ ಹೌದು.

ಸ್ನಾಯು ಕಟ್ಟೋದು ಬೇರೆ, ನೋವು ಇಳಿಯೋದು ಬೇರೆ. ಎರಡನ್ನೂ ಕಲಸಬಾರದು. ಕಟ್ಟೋ ವಿಷಯಕ್ಕೆ ಬಂದರೆ, ಲ್ಯೂಸಿನ್ ಕೋಶಕ್ಕೆ ಪ್ರೋಟೀನ್ ತಯಾರಿಸು ಅನ್ನೋ ಸೂಚನೆ ಕೊಡುತ್ತೆ. ಆದರೆ ತಯಾರಿಸಲು ಉಳಿದ ಆರು ಅಗತ್ಯ ಆಮ್ಲಗಳೂ ಬೇಕು. ಅವು ಹೊರಗಿಂದ ಬರದಿದ್ದರೆ ಇರೋ ಸ್ನಾಯುವನ್ನೇ ಒಡೆದು ತರಬೇಕಾಗುತ್ತೆ. 2017ರಲ್ಲಿ ಜ್ಯಾಕ್‌ಮನ್ ತಂಡ ವೇಟ್ಸ್ ಆದ ಮೇಲೆ 5.6 ಗ್ರಾಂ ಬಿಸಿಎಎ ಕೊಟ್ಟು ನೋಡಿದಾಗ ಸ್ನಾಯು ಪ್ರೋಟೀನ್ ತಯಾರಿಕೆ ಬಿಸಿಎಎ ಇಲ್ಲದ ಪಾನೀಯ ಕುಡಿದಾಗಿನದಕ್ಕಿಂತ 22% ಹೆಚ್ಚಿತ್ತು. ಅಷ್ಟೇ ಬಿಸಿಎಎ ಇರೋ ವೇ ಪ್ರೋಟೀನ್ (ಹಾಲಿನಿಂದ ತೆಗೆದದ್ದು) ಕುಡಿದಾಗ ಬರೋ ಏರಿಕೆಗೆ ಹೋಲಿಸಿದರೆ ಇದು ಸುಮಾರು ಅರ್ಧ.

ನೋವಿನ ವಿಷಯದಲ್ಲಿ ಬಿಸಿಎಎಗೆ ಸ್ವಲ್ಪ ಅಂಕ ಕೊಡಲೇಬೇಕು. ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದರೆ 24, 48 ಗಂಟೆಯ ಹೊತ್ತಿಗೆ ನೋವು ತುಸು ಕಡಿಮೆ ಕಾಣುತ್ತೆ. ಶಕ್ತಿ ವಾಪಸ್ ಬರೋ ವೇಗದಲ್ಲಿ ಹೇಳಿಕೊಳ್ಳೋ ವ್ಯತ್ಯಾಸವಿಲ್ಲ. ಉಪಯೋಗ ಕಂಡುಬಂದ ಪ್ರಯೋಗಗಳ ಶರತ್ತು ಗಮನಿಸಿ: ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು, ಹತ್ತು ದಿನಕ್ಕಿಂತ ಹೆಚ್ಚು ಕಾಲ, ಶುರು ಮಾಡಿದ್ದು ಕಠಿಣ ವ್ಯಾಯಾಮಕ್ಕೆ ಮುಂಚೆಯೇ, ಹಾನಿಯೂ ಸಾಧಾರಣ ಮಟ್ಟದ್ದು. ನಮ್ಮ 68 ಕೆಜಿ ವ್ಯಕ್ತಿಗೆ ಅದು ದಿನಕ್ಕೆ ಕಮ್ಮಿಯೆಂದರೂ 13.6 ಗ್ರಾಂ. ಸ್ಕೂಪಿಗೆ 5 ಗ್ರಾಂ ಬಿಸಿಎಎ, ಒಟ್ಟು 30 ಸ್ಕೂಪ್ ಇರೋ ಡಬ್ಬ ಹನ್ನೊಂದು ದಿನಕ್ಕೆ ಖಾಲಿ! ನೋವು ಬಂದ ಮೇಲೆ ಒಂದು ಸ್ಕೂಪ್ ಕುಡಿಯೋದಕ್ಕೂ ಈ ಪ್ರಯೋಗಗಳಿಗೂ ಸಂಬಂಧವೇ ಇಲ್ಲ.

ಕತ್ತರಿಗುಪ್ಪೆ_ಕೋಚ್

ಮೇಡಂ, ಪೇಪರ್ ಮೇಲೆ ಎಲ್ಲಾ ಸರಿ. ಫ್ಲೋರ್ ಮೇಲೆ ಬೇರೆ. ಬೆಳಿಗ್ಗೆ ಆರು ಗಂಟೆ ಬ್ಯಾಚ್‌ನಲ್ಲಿ ಮುಕ್ಕಾಲು ಪಾಲು ಜನ ರಾತ್ರಿ ಎಂಟಕ್ಕೆ ಅನ್ನ-ಸಾರು ಉಂಡವರು, ಎದ್ದು ಒಂದು ಲೋಟ ಕಾಫಿ ಕುಡಿದು ಬರೋರು. ಹತ್ತು ಗಂಟೆ ಖಾಲಿ ಹೊಟ್ಟೆ. ವೇ ಕುಡಿದು ಬಸ್ಕಿ ಹೊಡೆದ್ರೆ ವಾಂತಿ ಬಂದಂಗಾಗುತ್ತೆ ಅಂತಾರೆ. ಅವರಿಗೆ ನೀರಿನ ಥರ ಇರೋ ಅಮೈನೊ ಬಿಟ್ಟು ಬೇರೆ ಏನು ಕೊಡ್ತೀರಾ? ಮತ್ತೆ ಸಸ್ಯಾಹಾರಿಗಳ ಊಟದಲ್ಲಿ ಲ್ಯೂಸಿನ್ ಎಲ್ಲಿದೆ ಹೇಳಿ.

ಪಥ್ಯ_ಪಟ್ಟಿ

ಕೋಚ್ ಅವರೇ, ಖಾಲಿ ಹೊಟ್ಟೆ ವಾದ ಒಪ್ಪುವಂಥದ್ದು. ಅಲ್ಲಿಗೆ ಸರಿಹೊಂದೋದು ಮಾತ್ರ ಬಿಸಿಎಎ ಅಲ್ಲ, ಇಎಎ. 8ರಿಂದ 10 ಗ್ರಾಂ ಇಎಎ, ಅದರಲ್ಲಿ ಲ್ಯೂಸಿನ್ 2.5 ಗ್ರಾಂ ಆಸುಪಾಸು ಇರಬೇಕು, ವ್ಯಾಯಾಮಕ್ಕೆ 15–20 ನಿಮಿಷ ಮುಂಚೆ ಅಥವಾ ಸೆಟ್‌ಗಳ ನಡುವೆ. ಕಾಫಿ ಬದಲು 250 ಮಿಲಿ ಹಾಲನ್ನು ಐದು ಗಂಟೆಗೇ ಕುಡಿಯಲು ಆಗುವವರಿಗೆ 8 ಗ್ರಾಂ ಪ್ರೋಟೀನ್, 0.8 ಗ್ರಾಂ ಲ್ಯೂಸಿನ್ ಅಲ್ಲೇ ಸಿಕ್ಕಿತು. ಉಳಿದದ್ದು ಏಳೂವರೆಯ ತಿಂಡಿಯಲ್ಲಿ ತುಂಬಿಸಿದರೂ ನಷ್ಟವಿಲ್ಲ. ಇಡೀ ದಿನದ ಒಟ್ಟು ಮುಖ್ಯ, ಅರ್ಧ ಗಂಟೆ ಆಚೀಚೆ ಅಲ್ಲ.

ಸಸ್ಯಾಹಾರದಲ್ಲಿ ಲ್ಯೂಸಿನ್ ಇಲ್ಲ ಅನ್ನೋದು ಮಾತ್ರ ತಪ್ಪು. ಸಮಸ್ಯೆ ಒಟ್ಟು ಪ್ರೋಟೀನ್‌ನದು. ಬೆಳಿಗ್ಗೆ ಮೂರು ಇಡ್ಲಿ-ಸಾಂಬಾರ್, ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಒಂದು ಬಟ್ಟಲು ಮೊಸರು, ಸಂಜೆ ಟೀ ಜೊತೆ ಚುರುಮುರಿ, ರಾತ್ರಿ ಮತ್ತೆ ಅನ್ನ. ಇದು 45 ಗ್ರಾಂ ಮುಟ್ಟೋದೇ ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ್ದು ಸಾಮಾನ್ಯ ವಯಸ್ಕರಿಗೆ ಕೆಜಿಗೆ 0.83 ಗ್ರಾಂ, ಅಂದರೆ 68 ಕೆಜಿಗೆ 56 ಗ್ರಾಂ. ವೇಟ್ಸ್ ಮಾಡೋರಿಗೆ ಕೆಜಿಗೆ 1.6 ಗ್ರಾಂ ಗುರಿ ಇಟ್ಟರೆ 109 ಗ್ರಾಂ. ಅಷ್ಟು ಪ್ರೋಟೀನ್ ತಿಂದವರಿಗೆ ಅದರೊಳಗೇ ಸುಮಾರು 20 ಗ್ರಾಂ ಬಿಸಿಎಎ ಬಂದಿರುತ್ತೆ. ಪೌಡರ್‌ನಿಂದ ಉಪಯೋಗ ಕಂಡ ಪ್ರಯೋಗಗಳಲ್ಲಿ ಬಹಳಷ್ಟು ಕಡೆ ದಿನದ ಊಟದ ಲೆಕ್ಕವನ್ನು ಬಿಗಿಯಾಗಿ ಇಟ್ಟಿಲ್ಲ, ನನ್ನ ಮುಖ್ಯ ತಕರಾರು ಅದೇ. ಜೊತೆಗೆ ಬಿಸಿಎಎ ರುಚಿ ಕಹಿ. ಯಾರ ಲೋಟದಲ್ಲಿ ಏನಿದೆ ಅಂತ ನಾಲಿಗೆಗೆ ಗೊತ್ತಾದರೆ "ನೋವು ಎಷ್ಟಿದೆ" ಅನ್ನೋ ಉತ್ತರವೂ ಬದಲಾಗುತ್ತೆ.

ಲೇಬಲ್_ಓದುಗ

ಡಬ್ಬ ಕೊಳ್ಳಲೇಬೇಕು ಅಂತಿರೋರಿಗೆ.

ಬಿಸಿಎಎ ಡಬ್ಬದ ಮೇಲೆ 2:1:1 ಅಂತ ಬರೆದಿದ್ದರೆ ಅದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಪ್ರಮಾಣ: 5 ಗ್ರಾಂನಲ್ಲಿ ಲ್ಯೂಸಿನ್ 2.5, ಉಳಿದೆರಡು ತಲಾ 1.25. ಅದೇ 8:1:1 ಆದರೆ ಲ್ಯೂಸಿನ್ 4, ಉಳಿದೆರಡು ಅರ್ಧರ್ಧ ಗ್ರಾಂ. ದೊಡ್ಡ ಸಂಖ್ಯೆ ನೋಡಿ ಮಾರುಹೋಗಬೇಡಿ. ಲ್ಯೂಸಿನ್ ಒಂದೇ ವಿಪರೀತವಾದರೆ ರಕ್ತದಲ್ಲಿ ಐಸೊಲ್ಯೂಸಿನ್, ವ್ಯಾಲಿನ್ ಮಟ್ಟ ಇಳಿಯುತ್ತೆ, ಯಾಕಂದ್ರೆ ಮೂರನ್ನೂ ಒಡೆಯೋ ಕಿಣ್ವವನ್ನು ಲ್ಯೂಸಿನ್ ಚುರುಕು ಮಾಡುತ್ತೆ. 8:1:1 ಶೇಕರ್ ತಳದಲ್ಲಿ ಮರಳಿನಂತೆ ಉಳಿಯೋದಕ್ಕೂ ಕಾರಣ ಲ್ಯೂಸಿನ್ನೇ: 100 ಮಿಲಿ ನೀರಿಗೆ ಸುಮಾರು 2.4 ಗ್ರಾಂಗಿಂತ ಹೆಚ್ಚು ಕರಗಲ್ಲ, ಫ್ರಿಜ್ ನೀರಲ್ಲಿ ಇನ್ನೂ ಕಮ್ಮಿ. ಮೊದಲು 400–500 ಮಿಲಿ ಸಾದಾ ನೀರು, ಆಮೇಲೆ ಪೌಡರ್, ಅಲ್ಲಾಡಿಸಿ ಐದು ನಿಮಿಷ ಬಿಟ್ಟು ಮತ್ತೊಮ್ಮೆ ಅಲ್ಲಾಡಿಸಿ. ಪೌಡರ್ ಮೊದಲು ಹಾಕಿದರೆ ಗಂಟು ಕಟ್ಟುತ್ತೆ. ಸಲೀಸಾಗಿ ಕರಗೋ ಪೌಡರ್‌ಗೆ ಲೆಸಿಥಿನ್ ಸೇರಿಸಿರ್ತಾರೆ. ಸೋಯಾ ಅಲರ್ಜಿ ಇದ್ದವರು ಅದು ಸೋಯಾದ್ದಾ ಸೂರ್ಯಕಾಂತಿಯದಾ ನೋಡ್ಕೊಳ್ಳಿ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಸಂಖ್ಯೆ 14 ಅಂಕಿ. ಅದರದ್ದೇ ಫಾಸ್ಕಾಸ್ ಪೋರ್ಟಲ್‌ನಲ್ಲಿ ಹಾಕಿ ತಯಾರಕರ ಹೆಸರು, ವಿಳಾಸ ಡಬ್ಬದ ಮೇಲಿನದಕ್ಕೆ ತಾಳೆಯಾಗುತ್ತಾ ನೋಡಿ. ಆಮದು ಡಬ್ಬವಾದರೆ ಆಮದುದಾರರ ಹೆಸರು, ಲೈಸೆನ್ಸ್ ಇರೋ ಸ್ಟಿಕರ್ ಇರಲೇಬೇಕು. "ಒರಿಜಿನಲ್ಲೇ, ಬಿಲ್ ಬೇಡ, ಕಮ್ಮಿಗೆ ಕೊಡ್ತೀನಿ" ಅನ್ನೋರ ಹತ್ತಿರ ಆ ಸ್ಟಿಕರ್ ಸಾಮಾನ್ಯವಾಗಿ ಇರಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ "ಅಸಲಿ" ಅಂತ ಬಂದರೆ ಸಾಲದು, ಆ ಪುಟದ ವಿಳಾಸ ಕಂಪನಿಯದ್ದೇನಾ ಓದಿ. ನಕಲಿ ಡಬ್ಬದ ಜೊತೆ ನಕಲಿ ಪುಟ ಮಾಡೋದೇನು ದೊಡ್ಡ ಕೆಲಸ ಅಲ್ಲ.

ಇನ್ನೊಂದು ಮೋಸ ಪ್ರೋಟೀನ್ ಪೌಡರ್‌ನಲ್ಲಿ. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಅಳೆಯೋದು ಪ್ರೋಟೀನ್ ಅಲ್ಲ, ಸಾರಜನಕ. ಅದನ್ನು 6.25ರಿಂದ ಗುಣಿಸ್ತಾರೆ. ಗ್ಲೈಸಿನ್ ಅನ್ನೋ ಅಮೈನೊ ಆಮ್ಲದಲ್ಲಿ 18.7% ಸಾರಜನಕ ಇದೆ, ಗುಣಿಸಿದರೆ 1 ಗ್ರಾಂ ಅಗ್ಗದ ಗ್ಲೈಸಿನ್ 1.17 ಗ್ರಾಂ "ಪ್ರೋಟೀನ್" ಅಂತ ತೋರುತ್ತೆ. ಹಾಗಾಗಿ ಅಮೈನೊ ಪಟ್ಟಿ ಓದಿ. 25 ಗ್ರಾಂ ಪ್ರೋಟೀನ್ ಇರೋ ಅಸಲಿ ವೇ ಸ್ಕೂಪ್‌ನಲ್ಲಿ ಲ್ಯೂಸಿನ್ 2.5 ಗ್ರಾಂ ಹತ್ತಿರ ಇರಬೇಕು. 1.5 ಅಂತಿದ್ದರೆ, ಅಥವಾ ಪದಾರ್ಥಗಳ ಸಾಲಿನಲ್ಲಿ ಗ್ಲೈಸಿನ್, ಟಾರಿನ್ ಮುಂದೆಯೇ ಬಂದಿದ್ದರೆ ಬಿಟ್ಟುಬಿಡಿ. ಎನ್‌ಎಬಿಎಲ್ ಮಾನ್ಯತೆ ಪಡೆದ ಲ್ಯಾಬ್‌ನ ವರದಿ ತೋರಿಸಿದರೂ ಅದು ಅಮೈನೊ ಪ್ರೊಫೈಲ್ ವರದಿಯಾ, ಬರೀ ಒಟ್ಟು ಪ್ರೋಟೀನ್ ವರದಿಯಾ ಕೇಳಿ.

ಸೊಪ್ಪಿನಸಾರು

ಬಿಸಿಎಎ ಪ್ರಾಣಿಗಳ ಗರಿ, ಕೂದಲಿಂದ ಮಾಡ್ತಾರೆ ಅನ್ನೋದು ನಿಜಾನಾ? ಮನೆಯಲ್ಲಿ ಹಿರಿಯರು ಇದೇ ಮಾತಿಗೆ ಬೇಡ ಅಂತಾರೆ.

ಲೇಬಲ್_ಓದುಗ

ಗರಿ, ಕೂದಲಿನ ಕೆರಾಟಿನ್ ಕರಗಿಸಿ ತೆಗೆಯೋ ವಿಧಾನ ಇದೆ. ಜೋಳ ಮುಂತಾದವುಗಳ ಸಕ್ಕರೆಯನ್ನು ಬ್ಯಾಕ್ಟೀರಿಯಾದಿಂದ ಹುದುಗಿಸಿ ತೆಗೆಯೋ ವಿಧಾನವೂ ಇದೆ. ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಅಲ್ಲ. ಲೇಬಲ್‌ನಲ್ಲಿ "ಫರ್ಮೆಂಟೆಡ್" ಅಂತ ಬರೆದಿದ್ದನ್ನು ಹಿರಿಯರಿಗೆ ತೋರಿಸಿ.

ಪಥ್ಯ_ಪಟ್ಟಿ

ಮೊದಲ ಪ್ರಶ್ನೆಯ ಉಳಿದ ಹೆಸರುಗಳು. ಗ್ಲುಟಮಿನ್: ಕುಡಿದದ್ದರಲ್ಲಿ ದೊಡ್ಡ ಪಾಲನ್ನು ಕರುಳು ಮತ್ತು ಲಿವರ್ ಬಳಸಿಕೊಳ್ಳುತ್ತವೆ. ನೋವು ಕಡಿಮೆ ಕಂಡ ಪ್ರಯೋಗದಲ್ಲಿ ಕೊಟ್ಟದ್ದು ಪ್ರತಿ ಸಲ ಕೆಜಿಗೆ 0.3 ಗ್ರಾಂ. 68 ಕೆಜಿಗೆ ಅದು 20 ಗ್ರಾಂ! ಸ್ಕೂಪ್ 5 ಗ್ರಾಂದು. ಸಿಟ್ರುಲಿನ್ ಮ್ಯಾಲೇಟ್ 8 ಗ್ರಾಂ, ವ್ಯಾಯಾಮಕ್ಕೆ ಒಂದು ಗಂಟೆ ಮುಂಚೆ: 2010ರ ಒಂದು ಪ್ರಯೋಗದಲ್ಲಿ ನೋವು 40% ಕಡಿಮೆ ಬಂತು, ನಂತರದವುಗಳಲ್ಲಿ ಅಷ್ಟು ಕಾಣಲಿಲ್ಲ. ಹೊಟ್ಟೆ ಗುಡುಗುಡು ಅನ್ನೋದು ಕೆಲವರಿಗೆ ಖಾತ್ರಿ. ಎಚ್‌ಎಂಬಿ ಲ್ಯೂಸಿನ್ ಒಡೆದಾಗ ಹುಟ್ಟೋದು, ಪ್ರಯೋಗಗಳಲ್ಲಿ ಕೊಡೋದು ದಿನಕ್ಕೆ 3 ಗ್ರಾಂ. ಹೊಸಬರಿಗೆ ಒಂದಿಷ್ಟು ಉಪಯೋಗ ಕಂಡದ್ದುಂಟು, ಪಳಗಿದವರಿಗೆ ಕಡಿಮೆ. ಆರ್ಜಿನಿನ್‌ಗೆ ದುಡ್ಡು ಹಾಕಬೇಡಿ.

ಗರಡಿ_ಮಣ್ಣು

ಎಲ್ಲರೂ ಡಬ್ಬದ ಸುತ್ತಲೇ ತಿರುಗ್ತಿದ್ದೀರಿ. ನೋವಿಗೆ ಅತಿ ದೊಡ್ಡ ಮದ್ದು ಅದೇ ಕಸರತ್ತನ್ನು ಮುಂಚೆ ಹಗುರವಾಗಿ ಒಮ್ಮೆ ಮಾಡಿರೋದು. ಪೇಟೆಯ ಹಳೇ ಗರಡಿಗಳಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ನೂರು ಬಸ್ಕಿ ಹೊಡೆಸ್ತಿರಲಿಲ್ಲ, ಏರಿಸ್ತಾ ಹೋಗ್ತಿದ್ರು. ಅದರ ಹಿಂದಿನ ವಿಜ್ಞಾನ ಇಷ್ಟೇ: ಒಂದು ಸಲ ಸ್ವಲ್ಪ ಹಾನಿಯಾದ ಸ್ನಾಯು ಮುಂದಿನ ಸಲ ಅದೇ ಭಾರಕ್ಕೆ ಬಹಳ ಕಮ್ಮಿ ನೋಯುತ್ತೆ. ಆ ರಕ್ಷಣೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಇರುತ್ತೆ. ಪೂರ್ತಿ ನೋಯಿಸ್ಕೊಂಡ್ರೇ ಬರುತ್ತೆ ಅಂತೇನಿಲ್ಲ, ಹಗುರ ಕಸರತ್ತಿಗೂ ಬರುತ್ತೆ.

ಹೊಸಬರಿಗೆ ನಾನು ಕೊಡೋ ಲೆಕ್ಕ. ಮೊದಲ ವಾರ ಪ್ರತಿ ಕಸರತ್ತಿಗೆ ಎರಡೇ ಸೆಟ್, ಎಂಟು ರೆಪ್. ಇನ್ನೂ ನಾಲ್ಕು ಹೊಡೀಬಹುದು ಅನ್ನುವಾಗಲೇ ನಿಲ್ಲಿಸಬೇಕು. ಎರಡನೇ ವಾರ ಭಾರ ಅಷ್ಟೇ, ಮೂರು ಸೆಟ್. ಮೂರನೇ ವಾರ ಸೆಟ್ ಅಷ್ಟೇ, ಭಾರ 5–10% ಹೆಚ್ಚು, ಎರಡು ರೆಪ್ ಬಾಕಿ ಇರುವಾಗ ನಿಲ್ಲಿಸೋದು. ಲಂಜಸ್, ರೊಮೇನಿಯನ್ ಡೆಡ್‌ಲಿಫ್ಟ್, ಇಳಿಜಾರು ಬೆಂಚಿನ ಕರ್ಲ್, ಇವು ಸ್ನಾಯು ಪೂರ್ತಿ ಎಳೆದಿರುವಾಗ ಭಾರ ಬೀಳೋ ಕಸರತ್ತು, ಅತಿ ಹೆಚ್ಚು ನೋಯಿಸೋದು ಇವೇ. ಮೂರನೇ ವಾರದ ತನಕ ಒಂದೊಂದೇ ಸೆಟ್ ಸಾಕು. ನಾಲ್ಕು ಸೆಕೆಂಡ್ ನಿಧಾನಕ್ಕೆ ಇಳಿಸೋ ಶೋಕಿನೂ ಆಮೇಲೆ.

ಎರಡು ವಾರ ಊರಿಗೆ ಹೋಗಿ ಬಂದು ಅದೇ ಹಳೇ ಭಾರ ಎತ್ತೋರು, ಟ್ರೇನರ್ ಬದಲಾದ ತಕ್ಷಣ ಇಡೀ ಕಸರತ್ತೇ ಬದಲಾಯಿಸಿಕೊಳ್ಳೋರು, ನೋವಿನ ಗಿರಾಕಿಗಳು ಇವರೇ.

ಕತ್ತರಿಗುಪ್ಪೆ_ಕೋಚ್

ಗುರುಗಳೇ, ಇದಕ್ಕೆ ನನ್ನ ಪೂರ್ತಿ ಸಹಿ ಇದೆ. ಕಷ್ಟ ಏನಂದ್ರೆ ಮೊದಲ ದಿನ ಮೈ ಹಿಡ್ಕೊಳ್ಳದಿದ್ರೆ "ಈ ಟ್ರೇನರ್ ಸರಿಯಿಲ್ಲ" ಅಂತ ರಿವ್ಯೂ ಹಾಕ್ತಾರೆ.

ಯಲಹಂಕ_ಎಕ್ಸ್‌ಪ್ರೆಸ್

ನಂದಿ ಬೆಟ್ಟ ಹತ್ತಿ ಓಡಿಕೊಂಡೇ ಇಳಿಯೋರಿಗೂ ಇದೇ ಲೆಕ್ಕ ಅನ್ವಯಿಸುತ್ತಾ? ಹತ್ತೋದು ಉಸಿರಿಗೆ ಕಷ್ಟ, ಆದ್ರೆ ಮರುದಿನ ಸಾಯಿಸೋದು ಇಳಿದದ್ದು.

ಮಂಡಿಚಿಪ್ಪು

ಖಂಡಿತ ಅನ್ವಯಿಸುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆ ಬ್ರೇಕ್ ಹಾಕಬೇಕು. ಎರಡು-ಮೂರು ವಾರ ಮುಂಚೆ ತುರಹಳ್ಳಿ ಕಡೆಯ ಇಳಿಜಾರಿನಲ್ಲಿ ಬಿಟ್ಟು ಬಿಟ್ಟು ಒಟ್ಟು 10–15 ನಿಮಿಷ ಇಳಿದು ಓಡಿ, ಒಂದು ವಾರ ಬಿಟ್ಟು ಮತ್ತೊಮ್ಮೆ. ಯಾವ ಪೌಡರ್‌ಗಿಂತಲೂ ಇದು ಹೆಚ್ಚು ಕಾಪಾಡುತ್ತದೆ.

ನೋವು ಬಂದ ಮೇಲೆ ಮಾಡಬಹುದಾದದ್ದು ಕಡಿಮೆ. ಹಗುರ ಸೈಕಲ್, ನಡಿಗೆ ಮಾಡುತ್ತಿರುವಷ್ಟು ಹೊತ್ತು ಹಾಯೆನಿಸುತ್ತದೆ. ಎಣ್ಣೆ ತಿಕ್ಕಿಸಿಕೊಳ್ಳುವುದು, ಫೋಮ್ ರೋಲರ್ ಸ್ವಲ್ಪ ಇಳಿಸುತ್ತವೆ. ಸ್ಟ್ರೆಚಿಂಗ್‌ನಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ವಿಮರ್ಶೆ 2011ರಲ್ಲೇ ತೋರಿಸಿದೆ. ಐಸ್ ಬಾತ್ ನೋವಿಗೆ ಒಳ್ಳೆಯದು, ಆದರೆ ಪ್ರತಿ ಸಲ ವೇಟ್ಸ್ ಆದ ಕೂಡಲೇ ಮಾಡಿದರೆ ಸ್ನಾಯು ಬೆಳವಣಿಗೆ ಕುಂಠಿತವಾಗುತ್ತದೆ. ಐಬುಪ್ರೊಫೆನ್ ದಿನವೂ ನುಂಗುವವರಿಗೆ: ದಿನಕ್ಕೆ 1200 ಮಿಲಿಗ್ರಾಂನಂತೆ ಎಂಟು ವಾರ ಕೊಟ್ಟ 2018ರ ಪ್ರಯೋಗದಲ್ಲಿ ಯುವಜನರ ತೊಡೆ ಸ್ನಾಯುವಿನ ಬೆಳವಣಿಗೆ ಸುಮಾರು ಅರ್ಧಕ್ಕೆ ಇಳಿಯಿತು. ನೀರು ಕಡಿಮೆ ಕುಡಿದು ಬೆವರಿದ ದಿನ ಕಿಡ್ನಿಗೂ ಪೆಟ್ಟು.

ಈಗ ಗಂಭೀರ ವಿಷಯ. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿದರೆ, ತೊಡೆ ಅಥವಾ ತೋಳು ಊದಿ ಗಟ್ಟಿಯಾದರೆ, ನೋವಿಗಿಂತ ಹೆಚ್ಚಾಗಿ ಬಲವೇ ಇಲ್ಲದಂತಾದರೆ ಅದು ಮಾಮೂಲಿ ಮೈನೋವಲ್ಲ, ರಾಬ್ಡೊಮಯೊಲಿಸಿಸ್ ಇರಬಹುದು. ಒಡೆದ ಸ್ನಾಯುವಿನಿಂದ ಸೋರುವ ಮಯೊಗ್ಲೋಬಿನ್ ಎಂಬ ಪ್ರೋಟೀನ್ ಕಿಡ್ನಿಯನ್ನು ಕೆಡಿಸುತ್ತದೆ. ಎಳನೀರು, ಪೌಡರ್, ನೋವಿನ ಮಾತ್ರೆ ಎಂದು ಕಾಯದೆ ಆಗಲೇ ಎಮರ್ಜೆನ್ಸಿಗೆ ಹೋಗಿ. ಹಿಂದಿನ ದಿನಗಳ ವ್ಯಾಯಾಮದ ವಿಷಯ ಹೇಳಿ, ಸಿಕೆ (ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವ) ಮತ್ತು ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವುದು) ಪರೀಕ್ಷೆ ಕೇಳಿ. ವರ್ಷಗಟ್ಟಲೆ ಬಿಟ್ಟು ಬಂದವರಿಗೆ ಮೊದಲ ದಿನವೇ ನೂರಾರು ಬಸ್ಕಿ ಹೊಡೆಸುವುದು, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಶುರು ಮಾಡುವುದು ಅಪಾಯದ ದಾರಿಗಳು.

ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್‌ಗೆ ಮುಂಚೆ ಕನಿಷ್ಠ ಒಂದು ವಾರ ಭಾರೀ ವೇಟ್ಸ್ ಬೇಡ. ಲಿವರ್ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಕಿಣ್ವಗಳೆರಡೂ ಸ್ನಾಯುವಿನಿಂದಲೂ ಸೋರುತ್ತವೆ, ವರದಿಯಲ್ಲಿ ಲಿವರ್ ಕೆಟ್ಟಂತೆ ಕಾಣುತ್ತದೆ. ಜೊತೆಗೆ ಸಿಕೆ ಏರಿದ್ದು, ಲಿವರ್‌ನ ಇನ್ನೊಂದು ಕಿಣ್ವವಾದ ಜಿಜಿಟಿ ಸರಿಯಿದ್ದರೆ ವೈದ್ಯರಿಗೆ ಸ್ನಾಯುವಿನ ಸುಳಿವು ಸಿಗುತ್ತದೆ.

ಬನಶಂಕರಿ_ಬಾರ್ಬೆಲ್

ಎಲ್ಲರಿಗೂ ಥ್ಯಾಂಕ್ಸ್. 109 ಗ್ರಾಂ ಮೊಟ್ಟೆಯಿಲ್ಲದೆ ತಟ್ಟೆಯಲ್ಲಿ ಹೇಗೆ ಅನ್ನೋದೊಂದು ಬಾಕಿ.

ಪಥ್ಯ_ಪಟ್ಟಿ

ಎಲ್ಲಾ ಬೇಯಿಸೋ ಮುಂಚಿನ ತೂಕ. ಸೋಯಾ ಚಂಕ್ಸ್ 50 ಗ್ರಾಂ, 26 ಗ್ರಾಂ ಪ್ರೋಟೀನ್. ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡಿ ತೆಗೆದರೆ ಆ ವಾಸನೆ ಹೋಗುತ್ತೆ, ಸಾಗು, ಪಲಾವ್ ಎರಡಕ್ಕೂ ಬರುತ್ತೆ. ನೀಲಿ ಪ್ಯಾಕೆಟ್ ನಂದಿನಿ ಹಾಲು ಅರ್ಧ ಲೀಟರ್, 16. ಪನೀರ್ 100 ಗ್ರಾಂ, 18. ತೊಗರಿಬೇಳೆ 60 ಗ್ರಾಂ, 13. ಹೆಸರುಕಾಳು 50 ಗ್ರಾಂ ಉಸ್ಲಿಗೆ, 12. ಮೊಸರು 200 ಗ್ರಾಂ, 6. ಕಡಲೇಕಾಯಿ ಬೀಜ 30 ಗ್ರಾಂ, 7. ಒಂದು ಮುದ್ದೆಗೆ ರಾಗಿಹಿಟ್ಟು 100 ಗ್ರಾಂ, 7. ಅಕ್ಕಿ 100 ಗ್ರಾಂ, 7. ಒಟ್ಟು 112. ಬೇಳೆಯಲ್ಲಿ ಕಮ್ಮಿ ಇರೋ ಮೆಥಿಯೊನಿನ್ ರಾಗಿಯಲ್ಲಿದೆ, ರಾಗಿಯಲ್ಲಿ ಕಮ್ಮಿ ಇರೋ ಲೈಸಿನ್ ಬೇಳೆಯಲ್ಲಿದೆ. ಎರಡೂ ಒಂದೇ ತುತ್ತಿನಲ್ಲಿ ಇರಬೇಕಿಲ್ಲ, ಒಂದೇ ದಿನದಲ್ಲಿದ್ದರೆ ಸಾಕು.

ಎಡವೋದು ಸಾರಿನಲ್ಲಿ. ನಾಲ್ಕು ಜನಕ್ಕೆ ಒಂದು ಹಿಡಿ ಬೇಳೆ ಹಾಕಿ ಮೇಲಿನ ತಿಳಿ ಬಡಿಸ್ಕೊಂಡು "ಬೇಳೆ ತಿಂದೆ" ಅಂದರೆ ತಲೆಗೆ 3–4 ಗ್ರಾಂ ಪ್ರೋಟೀನ್ ಸಿಕ್ಕೀತು. ಕಟ್ಟಿನ ಸಾರು ಮಾಡಿದ ದಿನ ಬೆಂದ ಕಾಳನ್ನೂ ತಟ್ಟೆಗೆ ಹಾಕ್ಕೊಳ್ಳಿ. ಇಷ್ಟು ತಿನ್ನಲಾಗದ ದಿನ ಒಂದು ಸ್ಕೂಪ್ ವೇ ಲೆಕ್ಕ ಸರಿಮಾಡುತ್ತೆ. 2024ರ ಐಸಿಎಂಆರ್ ಮಾರ್ಗಸೂಚಿ ಪ್ರೋಟೀನ್ ಪೌಡರ್ ಬೇಡ ಅನ್ನುತ್ತಲ್ಲ ಅಂತ ಯಾರಾದ್ರೂ ಕೇಳ್ತಾರೆ. ಅದು ಸಾಮಾನ್ಯ ಜನತೆಗೆ ಬರೆದದ್ದು, ಸೇರಿಸಿದ ಸಕ್ಕರೆ, ಸಿಹಿಕಾರಕಗಳ ಬಗೆಗಿನ ಅದರ ಆಕ್ಷೇಪ ನ್ಯಾಯವಾದದ್ದೇ. ಸಿಹಿ ಸೇರಿಸದ ಪೌಡರ್ ಆರಿಸಿಕೊಳ್ಳಿ.

ಸೊಪ್ಪಿನಸಾರು

ಕೊನೆಯದೊಂದು. ಅರವತ್ತು ದಾಟಿದವರು ಈಗ ವೇಟ್ಸ್ ಶುರು ಮಾಡಿದ್ರೆ? ಇಎಎ ಕೊಡಬಹುದಾ?

ಪಥ್ಯ_ಪಟ್ಟಿ

ಆ ವಯಸ್ಸಿನಲ್ಲಿ ಸ್ನಾಯು ಪ್ರೋಟೀನ್‌ಗೆ ಮಂದವಾಗಿ ಸ್ಪಂದಿಸುತ್ತೆ. ಹಾಗಾಗಿ ದಿನಕ್ಕೊಂದು ದೊಡ್ಡ ಊಟಕ್ಕಿಂತ ಮೂರು ಹೊತ್ತೂ 25–30 ಗ್ರಾಂ ಪ್ರೋಟೀನ್ ಬೀಳಬೇಕು. ಅಷ್ಟು ತಿನ್ನಲಾಗದ ಹೊತ್ತು, ವಿಶೇಷವಾಗಿ ತಿಂಡಿಯ ಜೊತೆ, ಇಎಎ ಸೇರಿಸೋದರಲ್ಲಿ ಅರ್ಥ ಇದೆ. ಕಿಡ್ನಿ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಬೇಡ. ಸಕ್ಕರೆ ಕಾಯಿಲೆ ಇದ್ದವರು ಬಿಸಿಎಎಯನ್ನೇ ಬೇರೆಯಾಗಿ ಸುರಿದುಕೊಳ್ಳದೇ ಇರೋದು ಒಳ್ಳೇದು, ರಕ್ತದಲ್ಲಿ ಅವು ಹೆಚ್ಚಿರೋದಕ್ಕೂ ಇನ್ಸುಲಿನ್ ಪ್ರತಿರೋಧಕ್ಕೂ ನಂಟು ಕಂಡಿದೆ. ಪಾರ್ಕಿನ್ಸನ್ಸ್‌ಗೆ ಲೆವೊಡೋಪ ತಗೊಳ್ಳೋರಿದ್ದರೆ ಇನ್ನೊಂದು ಎಚ್ಚರ: ಲ್ಯೂಸಿನ್ ಥರದ ಅಮೈನೊ ಆಮ್ಲಗಳೂ ಆ ಔಷಧವೂ ಕರುಳಿಂದ ಒಳಹೋಗಲು, ಮಿದುಳಿಗೆ ಸೇರಲು ಒಂದೇ ಸಾಗಣೆ ವ್ಯವಸ್ಥೆ ಬಳಸುತ್ತವೆ. ಮಾತ್ರೆಯ ಹೊತ್ತಿಗೇ ಪೌಡರ್ ಕುಡಿದರೆ ಮಾತ್ರೆಯ ಪರಿಣಾಮ ಕಮ್ಮಿಯಾಗಬಹುದು. ಎರಡರ ನಡುವೆ ಎಷ್ಟು ಅಂತರ ಇರಬೇಕು ಅಂತ ಮಾತ್ರೆ ಬರೆದ ವೈದ್ಯರನ್ನೇ ಕೇಳಿ.